ಗೌಟ್ ಮತ್ತು ಏರಿದ ಯೂರಿಕ್ ಆಮ್ಲ: ಆಹಾರ, ಆಯುರ್ವೇದ, ಔಷಧಗಳನ್ನು ಯಾವ ಕ್ರಮದಲ್ಲಿ ಅನುಸರಿಸಬೇಕು – ಸಮಗ್ರ ಮಾರ್ಗದರ್ಶಿ

ಗೌಟ್, ಅಂದರೆ ಯೂರಿಕ್ ಆಮ್ಲದ ಹರಳುಗಳಿಂದ ಬರುವ ಕೀಲುನೋವು, ಇರುವವರಲ್ಲಿ ಹೆಚ್ಚಿನವರು ಪಥ್ಯವನ್ನು ಶ್ರದ್ಧೆಯಿಂದಲೇ ಮಾಡುತ್ತಾರೆ, ಆದರೂ ನೋವು ಮರಳಿ ಬರುತ್ತದೆ. ಕಾಲಿನ ಹೆಬ್ಬೆರಳು ಊದಿಕೊಂಡ ದಿನ ಬೇಳೆ, ಟೊಮೆಟೊ, ಪಾಲಕ್ ಸೊಪ್ಪು ಎಲ್ಲವನ್ನೂ ಒಟ್ಟಿಗೆ ಬಿಡುತ್ತಾರೆ, ಬಿಸಿ ಎಣ್ಣೆ ತಿಕ್ಕುತ್ತಾರೆ, ಅಂದೇ ಯಾರೋ ಹೇಳಿದ ಚೂರ್ಣವನ್ನೂ ಶುರುಮಾಡುತ್ತಾರೆ. ಒಂದೆರಡು ವಾರದಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಕೊನೆಗೆ ಮಾಡಿದ ಉಪಾಯಕ್ಕೆ ಅದರ ಶ್ರೇಯಸ್ಸು ಸಲ್ಲುತ್ತದೆ. ಕೆಲವು ತಿಂಗಳಲ್ಲಿ ಇನ್ನೊಂದು ಕೀಲು ಹಿಡಿದುಕೊಳ್ಳುತ್ತದೆ. ಇಲ್ಲಿ ತಪ್ಪಿರುವುದು ಕ್ರಮ. ನೋವನ್ನು ಇಳಿಸುವ ಕೆಲಸ ಬೇರೆ, ಯೂರಿಕ್ ಆಮ್ಲವನ್ನು ಇಳಿಸುವ ಕೆಲಸ ಬೇರೆ. ಮೊದಲನೆಯದು ದಿನಗಳ ಕೆಲಸವಾದರೆ ಎರಡನೆಯದು ವರ್ಷಗಳ ಕೆಲಸ. ಆಹಾರವಾಗಲಿ, ಆಯುರ್ವೇದವಾಗಲಿ, ಆಧುನಿಕ ಔಷಧವಾಗಲಿ, ಫಲಿಸಿತೇ ಇಲ್ಲವೇ ಎಂದು ಹೇಳಬೇಕಾದದ್ದು ರಕ್ತಪರೀಕ್ಷೆಯ ಅಂಕಿ.

ಆರಂಭಿಸುವ ಮುನ್ನ ಹೊಂದಿಸಿಕೊಳ್ಳಬೇಕಾದವು

ಒಂದು ನೋಟ್‌ಬುಕ್, ಒಂದು ಲೀಟರ್ ಅಳತೆಯ ನೀರಿನ ಬಾಟಲಿ, ತೂಕದ ಯಂತ್ರ, ಫ್ರಿಜ್ಜಿನಲ್ಲಿ ಮಂಜುಗಡ್ಡೆ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು ಬರೆದ ಚೀಟಿ. ಪರೀಕ್ಷೆಗಳ ಪೈಕಿ ಯೂರಿಕ್ ಆಮ್ಲದ ಜೊತೆಗೆ ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಸಕ್ಕರೆ ಮತ್ತು ಮೂತ್ರಪರೀಕ್ಷೆ ಬೇಕು. ಯೂರಿಕ್ ಆಮ್ಲದ ಸುಮಾರು ಮೂರನೆಯ ಎರಡು ಭಾಗ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಅವುಗಳ ಸ್ಥಿತಿ ತಿಳಿಯದೆ ಮುಂದಿನ ಯಾವ ಹಂತವನ್ನೂ ಸುರಕ್ಷಿತವಾಗಿ ನಿರ್ಧರಿಸಲಾಗದು.

ಹಂತ 1: ಇದು ಗೌಟ್ ಹೌದೇ ಎಂದು ದೃಢಪಡಿಸಿಕೊಳ್ಳಿ

ರಕ್ತದಲ್ಲಿ ಯೂರಿಕ್ ಆಮ್ಲವು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಪೂರ್ತಿಯಾಗಿ ಕರಗಿದ ಸ್ಥಿತಿಯಲ್ಲಿ ಉಳಿಯಲಾರದು. ಪಾಕ ತಣಿಯುತ್ತ ಕಲ್ಲುಸಕ್ಕರೆ ಹರಳುಗಟ್ಟುವಂತೆ, ದೇಹದ ತಂಪಾದ ತುದಿಗಳಲ್ಲಿ, ಮುಖ್ಯವಾಗಿ ಕಾಲಿನ ಹೆಬ್ಬೆರಳ ಬುಡದಲ್ಲಿ, ಯೂರೇಟ್ ಹರಳುಗಳು ನಿಧಾನವಾಗಿ ಕೂರುತ್ತವೆ. ಆ ಹರಳುಗಳ ಮೇಲೆ ದೇಹದ ರಕ್ಷಣಾ ಕಣಗಳು ಎರಗಿದಾಗ, ಹೆಚ್ಚಾಗಿ ನಡುರಾತ್ರಿಯಲ್ಲಿ ಅಥವಾ ಬೆಳಗಿನ ಜಾವದಲ್ಲಿ, ಹೊದಿಕೆ ತಾಗಿದರೂ ಸಹಿಸಲಾಗದ ನೋವು, ಕೆಂಪು, ಬಿಸಿ ಮತ್ತು ಊತ ಕಾಣಿಸಿಕೊಳ್ಳುತ್ತವೆ.

ಅಂಕಿ ಹೆಚ್ಚಿದೆ, ಆದರೆ ಎಂದೂ ಇಂತಹ ನೋವು ಬಂದಿಲ್ಲ ಎನ್ನುವವರಿಗೆ ಇರುವುದು ಗೌಟ್ ಅಲ್ಲ. ಇಂಥವರಲ್ಲಿ ಬಹುಪಾಲು ಜನರಿಗೆ ಮುಂದೆಯೂ ಗೌಟ್ ಬರುವುದಿಲ್ಲ. ಅಮೆರಿಕದ ಸಂಧಿರೋಗ ತಜ್ಞರ ಸಂಘಟನೆಯ 2020ರ ಮಾರ್ಗಸೂಚಿಯು ಲಕ್ಷಣಗಳಿಲ್ಲದ ಏರಿಕೆಗೆ ಮಾತ್ರೆ ಬೇಡವೆನ್ನುತ್ತದೆ. ಇವರಿಗೆ ನಾಲ್ಕು ಮತ್ತು ಐದನೆಯ ಹಂತಗಳೇ ಚಿಕಿತ್ಸೆ.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ತೀವ್ರ ನೋವಿನ ದಿನ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಮ್ಲ ಸಹಜ ಮಟ್ಟದಲ್ಲಿರುವಂತೆ ಕಾಣಬಹುದು. ಅದನ್ನು ನಂಬಿ ಗೌಟ್ ಇಲ್ಲವೆಂದು ನಿಶ್ಚಯಿಸಬಾರದು. ನೋವು ಇಳಿದ ಮೇಲೆ ಕನಿಷ್ಠ ಎರಡು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಅನುಮಾನ ಉಳಿದರೆ ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ಹರಳು ನೋಡುವುದೇ ಅತ್ಯಂತ ಖಚಿತವಾದ ದಾರಿ.

ನಮ್ಮಲ್ಲಿ ಎಲ್ಲ ಕೀಲುನೋವನ್ನೂ ‘ವಾಯು’ ಎಂದು ಒಂದೇ ಬುಟ್ಟಿಗೆ ಹಾಕುವ ರೂಢಿಯಿದೆ. ಆಯುರ್ವೇದ ಹಾಗೆ ಮಾಡಿಲ್ಲ. ಸಂಧಿವಾತ, ಆಮವಾತ ಮತ್ತು ವಾತರಕ್ತ ಅದರ ದೃಷ್ಟಿಯಲ್ಲಿ ಬೇರೆ ಬೇರೆ ವ್ಯಾಧಿಗಳು. ಗೌಟನ್ನು ಹೆಚ್ಚು ಹೋಲುವುದು ವಾತರಕ್ತ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 29ನೆಯ ಅಧ್ಯಾಯ ಪೂರ್ತಿಯಾಗಿ ಇದಕ್ಕೆ ಮೀಸಲಾಗಿದೆ. ಆಮವಾತಕ್ಕೆ ಹೇಳಿರುವ ಬಿಸಿ ಮರಳಿನ ಶಾಖವನ್ನು ಕೆಂಪಾಗಿ ಉರಿಯುತ್ತಿರುವ ಗೌಟಿನ ಕೀಲಿಗೆ ಕೊಟ್ಟರೆ ಉರಿ ಇನ್ನಷ್ಟು ಹೆಚ್ಚುತ್ತದೆ.

ಹಂತ 2: ನೋವು ಏರಿದ ಮೊದಲ ಎರಡು ದಿನ

ಈ ಎರಡು ದಿನಗಳಲ್ಲಿ ಗುರಿ ಒಂದೇ: ಉರಿಯೂತವನ್ನು ಶಮನಗೊಳಿಸುವುದು. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷದಂತೆ ದಿನಕ್ಕೆ ಕೆಲವು ಬಾರಿ ಇಡಿ. ಚರ್ಮಕ್ಕೆ ನೇರವಾಗಿ ಒತ್ತಬೇಡಿ. ಬಿಗಿಯಾದ ಚಪ್ಪಲಿ, ಶೂ ಬೇಡ. ನೀರು ಕುಡಿಯುತ್ತಿರಿ.

ಸಾಧ್ಯವಾದರೆ 24 ಗಂಟೆಯೊಳಗೆ ವೈದ್ಯರನ್ನು ಕಾಣಿ, ಏಕೆಂದರೆ ಈ ಹಂತದ ಔಷಧಗಳು ಬೇಗ ಕೊಟ್ಟಷ್ಟೂ ಚೆನ್ನಾಗಿ ಕೆಲಸ ಮಾಡುತ್ತವೆ. ಕೊಲ್ಚಿಸಿನ್, ಉರಿಯೂತ ಇಳಿಸುವ ನೋವುನಿವಾರಕಗಳು ಮತ್ತು ಕೆಲವೇ ದಿನಗಳ ಸ್ಟೀರಾಯ್ಡ್ ಎಂಬ ಮೂರು ದಾರಿಗಳಲ್ಲಿ ಯಾವುದು ನಿಮಗೆ ಹೊಂದುತ್ತದೆ ಎಂಬುದು ನಿಮ್ಮ ಮೂತ್ರಪಿಂಡ, ಹೊಟ್ಟೆಯ ಹುಣ್ಣು, ಸಕ್ಕರೆ ಕಾಯಿಲೆ, ರಕ್ತ ತೆಳುಗೊಳಿಸುವ ಮಾತ್ರೆ ಇವುಗಳನ್ನು ಅವಲಂಬಿಸಿದೆ. ಔಷಧದ ಅಂಗಡಿಯಲ್ಲಿ ನೇರವಾಗಿ ನೋವಿನ ಮಾತ್ರೆ ಕೇಳಿ ನುಂಗುವುದು, ಮೂತ್ರಪಿಂಡ ಈಗಾಗಲೇ ದುರ್ಬಲವಾಗಿರುವವರಿಗೆ ನಿಜಕ್ಕೂ ಅಪಾಯಕಾರಿ. ಕೊಲ್ಚಿಸಿನ್ ಪ್ರಮಾಣ ಹೆಚ್ಚಿಸಿದರೆ ನೋವು ಬೇಗ ಇಳಿಯುವುದಿಲ್ಲ, ಭೇದಿ ಮಾತ್ರ ಹಿಡಿಯುತ್ತದೆ. ಕ್ಲಾರಿಥ್ರೊಮೈಸಿನ್‌ನಂತಹ ಕೆಲವು ಆಂಟಿಬಯೋಟಿಕ್‌ಗಳ ಜೊತೆ ಅದು ಪ್ರಾಣಕ್ಕೇ ಎರವಾಗಬಹುದು.

ಈ ಅವಧಿಯಲ್ಲಿ ಮಾಡಬಾರದ ಕೆಲಸಗಳೂ ಅಷ್ಟೇ ಮುಖ್ಯ. ಬಿಸಿ ಎಣ್ಣೆ ತಿಕ್ಕಬೇಡಿ, ಬಿಸಿನೀರಿನಲ್ಲಿ ಕಾಲು ಮುಳುಗಿಸಬೇಡಿ. ನೋವಿಗೆಂದು ಆಸ್ಪಿರಿನ್ ನುಂಗಬೇಡಿ. ಹೊಸ ಚೂರ್ಣ, ಹೊಸ ಕಷಾಯ ಯಾವುದನ್ನೂ ಸ್ವಂತ ನಿರ್ಧಾರದಿಂದ ಅಂದೇ ಆರಂಭಿಸಬೇಡಿ. ಯೂರಿಕ್ ಆಮ್ಲ ಇಳಿಸುವ ಮಾತ್ರೆಯನ್ನು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಲೂಬೇಡಿ, ಏಕೆಂದರೆ ಅಂಕಿ ಏರಿಳಿದಷ್ಟೂ ನೋವು ಲಂಬಿಸುತ್ತದೆ. ಬಾಹ್ಯ ಲೇಪನ ಬೇಕೆನ್ನುವವರಿಗೆ ಚರಕನೇ ಹೇಳಿರುವ, ಜೇನುಮೇಣ ಮತ್ತು ಮಂಜಿಷ್ಠ ಸೇರಿದ ಪಿಂಡತೈಲ ಇದೆ. ಅದನ್ನೂ ಕೆಂಪು ಇಳಿದ ಮೇಲೆ, ತಿಕ್ಕದೆ, ಮೃದುವಾಗಿ ಸವರಬೇಕು.

ಕೀಲು ಊದಿರುವಾಗ ಜ್ವರ, ಚಳಿ, ನಡುಕ ಬಂದರೆ ಮನೆಯಲ್ಲಿ ಕಾಯುವಂತಿಲ್ಲ. ಕೀಲಿನೊಳಗೆ ಸೋಂಕಾಗಿ ಕೀವು ತುಂಬಿದ್ದರೂ ನೋಡಲು ಹೀಗೇ ಇರುತ್ತದೆ, ಮತ್ತು ಅದು ಕೆಲವೇ ದಿನಗಳಲ್ಲಿ ಕೀಲನ್ನು ಹಾಳುಮಾಡುತ್ತದೆ. ಅಂದೇ ಆಸ್ಪತ್ರೆಗೆ ಹೋಗಿ.

ಹಂತ 3: ಅಂಕಿಯನ್ನು ಏರಿಸುತ್ತಿರುವುದು ಏನೆಂದು ಹುಡುಕಿ

ಪಥ್ಯಕ್ಕೆ ಕೈ ಹಾಕುವ ಮುನ್ನ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದಿಡಿ. ರಕ್ತದೊತ್ತಡಕ್ಕೆ ಕೊಡುವ ಹೈಡ್ರೊಕ್ಲೋರೊಥಯಾಜೈಡ್, ಕ್ಲೋರ್‌ಥಾಲಿಡೋನ್, ಊತ ಇಳಿಸುವ ಫ್ಯೂರೊಸೆಮೈಡ್, ಕ್ಷಯದ ಚಿಕಿತ್ಸೆಯ ಪೈರಾಜಿನಮೈಡ್, ಹೃದಯಕ್ಕೆಂದು ಕೊಡುವ ಅಲ್ಪ ಪ್ರಮಾಣದ ಆಸ್ಪಿರಿನ್ ಇವೆಲ್ಲ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಇವುಗಳಲ್ಲಿ ಒಂದನ್ನೂ ನೀವಾಗಿ ನಿಲ್ಲಿಸಬಾರದು. ಹೃದಯದ ಆಸ್ಪಿರಿನ್ ನಿಲ್ಲಿಸಿದರೆ ಆಗುವ ಹಾನಿ ಗೌಟಿಗಿಂತ ಬಹಳ ದೊಡ್ಡದು. ಆದರೆ ರಕ್ತದೊತ್ತಡದ ಮಾತ್ರೆಯನ್ನು, ಯೂರಿಕ್ ಆಮ್ಲವನ್ನು ಸ್ವಲ್ಪ ಇಳಿಸುವ ಗುಣವೂ ಇರುವ ಲೊಸಾರ್ಟಾನ್‌ಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ತಿಂಗಳುಗಟ್ಟಲೆ ಬೇಳೆ ಬಿಟ್ಟು ಬಳಲಿದವರಲ್ಲಿ ಎಷ್ಟೋ ಜನರ ಉತ್ತರ ಈ ಚೀಟಿಯಲ್ಲೇ ಇರುತ್ತದೆ.

ನೋಟ್‌ಬುಕ್ಕಿನಲ್ಲಿ ಪ್ರತಿ ನೋವಿನ ಹಿಂದಿನ ಎರಡು ದಿನಗಳ ಊಟ, ಮದ್ಯ, ಪ್ರಯಾಣ, ಉಪವಾಸ, ಪೆಟ್ಟು, ನಿದ್ದೆಗೆಟ್ಟದ್ದು ಇವನ್ನು ಬರೆದಿಡಿ. ಬೀಗರೂಟದ ಮಾರನೆಯ ರಾತ್ರಿ, ಬೇಸಿಗೆಯ ಉದ್ದದ ಬಸ್ ಪ್ರಯಾಣದ ನಂತರ, ನಿರ್ಜಲ ಉಪವಾಸದ ಮರುದಿನ ಎಂಬಂತಹ ನಂಟುಗಳು ಬರೆದಾಗ ಮಾತ್ರ ಕಣ್ಣಿಗೆ ಬೀಳುತ್ತವೆ.

ಹಂತ 4: ಊಟದಲ್ಲಿ ಬಿಡಬೇಕಾದದ್ದು, ಬಿಡಬಾರದದ್ದು

ಮೊದಲು ನಿರೀಕ್ಷೆ ಸರಿಯಾಗಿರಲಿ. ದೇಹದಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್‌ಗಳಲ್ಲಿ ಹೆಚ್ಚಿನ ಭಾಗ ನಮ್ಮ ಜೀವಕೋಶಗಳಿಂದಲೇ ಬರುತ್ತದೆ, ಊಟದಿಂದ ಬರುವುದು ಸುಮಾರು ಮೂರನೆಯ ಒಂದು ಭಾಗ. ಆದ್ದರಿಂದ ಕಟ್ಟುನಿಟ್ಟಿನ ಪಥ್ಯವೂ ಸಾಮಾನ್ಯವಾಗಿ ಅಂಕಿಯನ್ನು 1 ಮಿಲಿಗ್ರಾಂ ಆಸುಪಾಸಿನಲ್ಲಿ ಇಳಿಸುತ್ತದೆ. 6.8 ಇದ್ದವರಿಗೆ ಇಷ್ಟು ಸಾಕಾಗಬಹುದು, 9.5 ಇದ್ದವರು ಊಟವೊಂದರಿಂದಲೇ ಗುರಿ ಮುಟ್ಟುತ್ತೇವೆಂದು ಕಾದರೆ ಕೀಲು ಸವೆಯುತ್ತದೆ.

ಬಿಡುವುದನ್ನು ಈ ಕ್ರಮದಲ್ಲಿ ಬಿಡಿ. ಮೊದಲು ಬಿಯರ್ ಮತ್ತು ಇತರ ಮದ್ಯ. ಬಿಯರ್ ಎರಡು ಕಡೆಯಿಂದ ಹೊಡೆಯುತ್ತದೆ, ಏಕೆಂದರೆ ಅದರಲ್ಲಿ ಮದ್ಯಸಾರವೂ ಇದೆ, ಪ್ಯೂರಿನ್ ಕೂಡ ಇದೆ. ಎರಡನೆಯದು ಲಿವರ್, ಬೋಟಿ, ಮೂತ್ರಪಿಂಡ, ಭೇಜ ಮೊದಲಾದ ಅಂಗಾಂಗಗಳ ಮಾಂಸ ಮತ್ತು ಗಂಟೆಗಟ್ಟಲೆ ಕುದಿಸಿದ ಕಾಲು ಸೂಪ್. ಕೀಲುನೋವಿಗೆ ಕಾಲು ಸೂಪ್ ಒಳ್ಳೆಯದೆಂಬ ನಂಬಿಕೆ ಗೌಟಿನವರಿಗೆ ಕೇಡು ಮಾಡುತ್ತದೆ, ಮಾಂಸದ ಪ್ಯೂರಿನ್ ಕುದಿಯುವ ನೀರಿಗೇ ಇಳಿಯುತ್ತದೆ. ಮೂರನೆಯದು ಭೂತಾಯಿ, ಬಂಗುಡೆ, ಸಿಗಡಿ, ಒಣಮೀನು. ಕರಾವಳಿಯವರಿಗೆ ಇದು ಕಷ್ಟದ ಮಾತೆಂದು ಬಲ್ಲೆ. ಅಂಕಿ ಗುರಿಗೆ ಬರುವವರೆಗೆ ಬಿಟ್ಟು, ಆಮೇಲೆ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ನೋಡಬಹುದು. ಕುರಿ ಮಾಂಸವನ್ನು ಕಡಿಮೆ ಮಾಡಿ, ಕೋಳಿಯನ್ನು ಮಿತವಾಗಿ ತಿನ್ನಿ.

ಹೆಚ್ಚಿನವರು ಮರೆಯುವುದು ಸಿಹಿಯನ್ನು. ಫ್ರಕ್ಟೋಸ್ ಎಂಬ ಸಕ್ಕರೆ ಯಕೃತ್ತಿನಲ್ಲಿ ಒಡೆಯುವಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ಬಾಟಲಿಯ ತಂಪು ಪಾನೀಯ, ಡಬ್ಬಿಯ ಹಣ್ಣಿನ ರಸ, ಕಬ್ಬಿನ ಹಾಲು ಎಲ್ಲವೂ ಇದರೊಳಗೆ ಬರುತ್ತವೆ. ಬೆಲ್ಲಕ್ಕೂ ಜೇನಿಗೂ ವಿನಾಯಿತಿ ಇಲ್ಲ. ಪ್ರತಿದಿನ ಬೆಳಿಗ್ಗೆ ಎರಡು ಚಮಚ ಜೇನು ಹಾಕಿದ ನಿಂಬೆ ನೀರು ಕುಡಿಯುವವರು ಜೇನನ್ನು ಬಿಟ್ಟು ನೀರನ್ನು ಉಳಿಸಿಕೊಳ್ಳಲಿ. ಇಡೀ ಹಣ್ಣನ್ನು ಮಿತವಾಗಿ ತಿನ್ನುವುದಕ್ಕೆ ಅಡ್ಡಿಯಿಲ್ಲ.

ಈಗ ಬೇಳೆಕಾಳುಗಳ ಮಾತು. ಗೌಟ್ ಎಂದ ಕೂಡಲೇ ತೊಗರಿಬೇಳೆಯ ಸಾರನ್ನೂ ಬಿಡಿಸುವ ಪದ್ಧತಿಗೆ ಆಧಾರ ದುರ್ಬಲವಾಗಿದೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2004ರಲ್ಲಿ ಪ್ರಕಟಿಸಿದ, 47,150 ಪುರುಷರನ್ನು 12 ವರ್ಷ ಗಮನಿಸಿದ ಅಧ್ಯಯನದಲ್ಲಿ ಮಾಂಸ ಮತ್ತು ಸಮುದ್ರದ ಆಹಾರ ಹೆಚ್ಚು ತಿನ್ನುವವರಲ್ಲಿ ಗೌಟ್ ಹೆಚ್ಚು ಕಂಡುಬಂತು. ಪ್ಯೂರಿನ್ ಹೆಚ್ಚಿರುವ ತರಕಾರಿ, ಕಾಳುಗಳಿಂದ ಹಾಗಾಗಲಿಲ್ಲ. ಹಾಲಿನ ಉತ್ಪನ್ನಗಳನ್ನು ಬಳಸುವವರಲ್ಲಿ ಕಡಿಮೆಯೇ ಇತ್ತು. ಚರಕ ಸಂಹಿತೆಯನ್ನು ತೆರೆದರೆ ಅಲ್ಲಿಯೂ ಬೇಳೆಯ ನಿಷೇಧವಿಲ್ಲ, ವಿಂಗಡಣೆಯಿದೆ. ತೊಗರಿ, ಕಡಲೆ, ಹೆಸರು, ಮಸೂರ, ಮಡಿಕೆ ಕಾಳುಗಳ ಕಟ್ಟು ವಾತರಕ್ತಕ್ಕೆ ಹಿತವೆಂದು ಹೇಳಿ, ಹುರುಳಿ, ಉದ್ದು, ಅವರೆಗಳನ್ನು ಕಾರಣಗಳ ಸಾಲಿಗೆ ಸೇರಿಸಲಾಗಿದೆ. ನನ್ನ ಸಲಹೆ ಇದು: ತೊಗರಿ ಮತ್ತು ಹೆಸರುಬೇಳೆಯ ತಿಳಿಸಾರನ್ನು ದಿನವೂ ಉಣ್ಣಿ, ಹುರುಳಿ ಸಾರು, ಅವರೆಕಾಳಿನ ಹುಳಿ, ಉದ್ದಿನ ವಡೆಗಳನ್ನು ನೋವು ಪದೇ ಪದೇ ಬರುತ್ತಿರುವ ತಿಂಗಳುಗಳಲ್ಲಿ ದೂರವಿಡಿ. ಅವರೆಯ ಕಾಲ ಮುಗಿಯುವವರೆಗೆ ಕಾಯುವುದು, ಪ್ರೋಟೀನಿಲ್ಲದೆ ಸ್ನಾಯು ಸೊರಗಿಸಿಕೊಳ್ಳುವುದಕ್ಕಿಂತ ಸುಲಭ.

ಪಾಲಕ್, ಹೂಕೋಸು, ಅಣಬೆ, ಟೊಮೆಟೊಗಳನ್ನು ಪೂರ್ತಿ ಬಿಡಬೇಕಾಗಿಲ್ಲ. ಟೊಮೆಟೊ ತಿಂದಾಗ ನೋವು ಬರುತ್ತದೆಂದು ನೋಟ್‌ಬುಕ್ ಮತ್ತೆ ಮತ್ತೆ ತೋರಿಸಿದರೆ ನಿಮ್ಮ ಮಟ್ಟಿಗೆ ಬಿಡಿ. ಮೂತ್ರದಲ್ಲಿ ಕಲ್ಲಾಗುವ ತೊಂದರೆ ಇರುವವರು ಪಾಲಕ್ ವಿಚಾರವನ್ನು ಬೇರೆಯಾಗಿ ವೈದ್ಯರಲ್ಲಿ ಕೇಳಬೇಕು. ಸೋರೆ, ಪಡುವಲ, ಹೀರೆ, ಬೂದುಗುಂಬಳ, ಬಸಳೆ ಧಾರಾಳವಾಗಿರಲಿ. ಅಕ್ಕಿ, ರಾಗಿ, ಜೋಳ, ಗೋಧಿಗಳಲ್ಲಿ ಪ್ಯೂರಿನ್ ಕಡಿಮೆ. ಮುದ್ದೆಯನ್ನೂ ರೊಟ್ಟಿಯನ್ನೂ ಬಿಡುವ ಅಗತ್ಯವಿಲ್ಲ.

ಮೊಸರಿನ ವಿಚಾರದಲ್ಲಿ ಎರಡು ಶಾಸ್ತ್ರಗಳು ಒಂದೇ ಮಾತನ್ನಾಡುವುದಿಲ್ಲ. ಆಧುನಿಕ ಅಧ್ಯಯನಗಳು ಕೊಬ್ಬು ಕಡಿಮೆಯಿರುವ ಹಾಲು, ಮೊಸರನ್ನು ಒಳ್ಳೆಯದೆನ್ನುತ್ತವೆ. ಚರಕ ಹಾಲನ್ನು ಹಿತವೆಂದರೂ ಮೊಸರು, ಮಜ್ಜಿಗೆಗಳನ್ನು ಕಾರಣಗಳಲ್ಲಿ ಎಣಿಸುತ್ತಾನೆ. ಕೆನೆ ತೆಗೆದ ಹಾಲನ್ನು ದಿನಕ್ಕೆ ಒಂದೆರಡು ಲೋಟ ಕುಡಿದು, ಹುಳಿ ಬಂದ ಮೊಸರನ್ನು ರಾತ್ರಿ ತಿನ್ನದೆ, ಹಗಲಿನಲ್ಲಿ ಹುಳಿಯಿಲ್ಲದ ಮಜ್ಜಿಗೆಯನ್ನು ಇಟ್ಟುಕೊಂಡರೆ ಎರಡಕ್ಕೂ ದೊಡ್ಡ ಭಂಗ ಬರುವುದಿಲ್ಲ. ಕಾಫಿ ಬಿಡಬೇಕಾಗಿಲ್ಲ, ಅದರ ಸಕ್ಕರೆ ಬಿಡಿ.

ಹಂತ 5: ನೀರು, ತೂಕ, ಉಪವಾಸ

ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರನ್ನು ದಿನವಿಡೀ ಹಂಚಿ ಕುಡಿಯಿರಿ. ಹೃದಯ ದೌರ್ಬಲ್ಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರು ಹೇಳಿದ ಮಿತಿಯನ್ನು ಮೀರಬಾರದು.

ತೂಕ ಹೆಚ್ಚಿದ್ದರೆ ಇಳಿಸುವುದು ಉತ್ತಮ ಚಿಕಿತ್ಸೆ, ಆದರೆ ನಿಧಾನವಾಗಿ, ತಿಂಗಳಿಗೆ ಎರಡು ಕಿಲೋ ಮೀರದಂತೆ. ದಿನಗಟ್ಟಲೆ ಉಪವಾಸ ಮಾಡಿದಾಗ ದೇಹವು ಕೊಬ್ಬನ್ನು ಕರಗಿಸಿ ಕೀಟೋನ್‌ಗಳನ್ನು ಉತ್ಪಾದಿಸುತ್ತದೆ. ಅವು ಮೂತ್ರಪಿಂಡದಲ್ಲಿ ಯೂರಿಕ್ ಆಮ್ಲ ಹೊರಹೋಗುವುದಕ್ಕೆ ಅಡ್ಡಿಯಾಗಿ, ಪಥ್ಯ ಮಾಡಿದವರಿಗೇ ನೋವು ಬರುತ್ತದೆ. ಏಕಾದಶಿ ಮಾಡುವವರು ನಿರ್ಜಲವಾಗಿ ಇರದೆ ನೀರು, ಹಾಲು, ಹಣ್ಣುಗಳೊಂದಿಗೆ ಆಚರಿಸಲಿ. ಹಗಲುನಿದ್ರೆ ಮತ್ತು ರಾತ್ರಿ ಜಾಗರಣೆಗಳನ್ನು ಚರಕ ವಾತರಕ್ತದ ಕಾರಣಗಳಲ್ಲಿ ಹೇಳಿದ್ದಾನೆ. ರಾತ್ರಿ ಪಾಳಿಯವರು ಕನಿಷ್ಠ ಮಲಗುವ ಹೊತ್ತನ್ನಾದರೂ ಒಂದೇ ಸಮನಾಗಿ ಇಟ್ಟುಕೊಳ್ಳಬೇಕು.

ಹಂತ 6: ಆಯುರ್ವೇದದ ಔಷಧಗಳನ್ನು ಸೇರಿಸುವ ಬಗೆ

ಔಷಧ ಆರಂಭಿಸುವ ಕಾಲ ಇದು: ನೋವು ಇಳಿದಿದೆ, ಅಂಕಿ ತಿಳಿದಿದೆ, ಊಟ ಒಂದು ಹದಕ್ಕೆ ಬಂದಿದೆ. ಬಿಎಎಂಎಸ್ ಪದವಿ ಪಡೆದು ನೋಂದಾಯಿಸಿಕೊಂಡ ವೈದ್ಯರನ್ನು ಕಂಡು, ಮೂತ್ರಪಿಂಡ ಮತ್ತು ಯಕೃತ್ತಿನ ವರದಿಗಳನ್ನೂ ಅಲೋಪತಿ ಮಾತ್ರೆಗಳ ಚೀಟಿಯನ್ನೂ ತೋರಿಸಿ. ವಾತರಕ್ತದಲ್ಲಿ ಸಾಮಾನ್ಯವಾಗಿ ಬಳಸುವುದು ಅಮೃತಬಳ್ಳಿ, ಕೈಶೋರ ಗುಗ್ಗುಲು ಮತ್ತು ಕೋಕಿಲಾಕ್ಷ ಕಷಾಯ. ಇವುಗಳ ಮೇಲೆ ನಡೆದ ಮಾನವ ಅಧ್ಯಯನಗಳು ಸಣ್ಣವು. ಆದ್ದರಿಂದ ಇವನ್ನು ಊಟ ಮತ್ತು ಅಗತ್ಯ ಮಾತ್ರೆಗಳ ಜೊತೆಗಿನ ನೆರವೆಂದು ತೆಗೆದುಕೊಳ್ಳುವುದು ಸರಿ.

ವೈದ್ಯರು ಅಮೃತಬಳ್ಳಿಯ ಕಷಾಯ ಹೇಳಿದರೆ, ಸಾಮಾನ್ಯ ವಿಧಾನ ಹೀಗಿದೆ: 10 ಗ್ರಾಂ ಒರಟು ಪುಡಿಯನ್ನು 160 ಮಿಲಿಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ, ಮುಚ್ಚಳ ತೆರೆದು ಕಾಯಿಸಿ, 40 ಮಿಲಿಲೀಟರಿಗೆ ಇಳಿಸಿ ಸೋಸಬೇಕು. ಅಂದಂದಿನದನ್ನು ಅಂದೇ ಕುಡಿಯಬೇಕು. ಬೇಲಿಯ ಬಳ್ಳಿಯನ್ನು ಕಿತ್ತು ತರುವವರು ಗುರುತಿನಲ್ಲಿ ಎಚ್ಚರವಹಿಸಬೇಕು. ಕಾಂಡದ ತುಂಬ ಒತ್ತಾದ ಗಂಟುಗಂಟು ಉಬ್ಬುಗಳಿರುವ ಇನ್ನೊಂದು ಜಾತಿ ಇದನ್ನೇ ಹೋಲುತ್ತದೆ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತವನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ, ಬಳಸಿದ ಬಳ್ಳಿಯ ಗುರುತೇ ತಪ್ಪಿರಬಹುದೆಂದು ಆಕ್ಷೇಪಿಸಿತು. ವಾದ ಹೇಗಿದ್ದರೂ ರೋಗಿಯ ಪಾಲಿಗೆ ಎಚ್ಚರ ಒಂದೇ. ಯಕೃತ್ತಿನ ಕಾಯಿಲೆ, ಥೈರಾಯ್ಡ್ ಅಥವಾ ಇತರ ಸ್ವಯಂನಿರೋಧಕ ರೋಗ (ದೇಹದ ರಕ್ಷಣಾ ಕಣಗಳು ದೇಹದ ಮೇಲೆಯೇ ಎರಗುವ ಕಾಯಿಲೆ) ಇರುವವರು ಇದನ್ನು ಬಿಡಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ ಕೂಡಲೇ ನಿಲ್ಲಿಸಿ ಪರೀಕ್ಷಿಸಿಕೊಳ್ಳಬೇಕು. ಸಕ್ಕರೆಗೆ ಮಾತ್ರೆ ನುಂಗುವವರಲ್ಲಿ ಸಕ್ಕರೆ ಅತಿಯಾಗಿ ಇಳಿಯಬಹುದು. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ಗುಗ್ಗುಲುವನ್ನು ವೈದ್ಯರಿಗೆ ತಿಳಿಸದೆ ಮುಟ್ಟಬಾರದು.

ಹೆಸರು, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ ಇಲ್ಲದ ಪೊಟ್ಟಣದ ಪುಡಿಯನ್ನು ಯಾರು ಕೊಟ್ಟರೂ ಸ್ವೀಕರಿಸಬೇಡಿ. ಒಂದೇ ದಿನದಲ್ಲಿ ನೋವನ್ನು ಪೂರ್ತಿ ಮಾಯಮಾಡುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಭವವಿದೆ. ಮುಖ ಊದುವುದು, ಹಸಿವು ವಿಪರೀತವಾಗುವುದು, ಸಕ್ಕರೆ ಏರುವುದು ಅದರ ಸೂಚನೆಗಳು. ಅಂತಹ ಪುಡಿಯನ್ನು ತಿಂಗಳುಗಳಿಂದ ತಿನ್ನುತ್ತಿದ್ದರೆ ಏಕಾಏಕಿ ನಿಲ್ಲಿಸದೆ ವೈದ್ಯರಿಗೆ ತೋರಿಸಿ. ಪಾದರಸ, ಸೀಸ ಮೊದಲಾದ ಲೋಹ ಸೇರಿದ ರಸೌಷಧಗಳು ಮೂತ್ರಪಿಂಡ ದುರ್ಬಲವಿರುವವರಿಗೆ ಬೇಡ. ಶಾಸ್ತ್ರದಲ್ಲಿರುವ ರಕ್ತಮೋಕ್ಷಣವನ್ನು, ಅಂದರೆ ದೇಹದಿಂದ ರಕ್ತ ಹೊರತೆಗೆಯುವ ಚಿಕಿತ್ಸೆಯನ್ನು, ಜಿಗಣೆಯ ಚಿಕಿತ್ಸೆಯೂ ಸೇರಿದಂತೆ, ಆಸ್ಪತ್ರೆಯ ಹೊರಗೆ ಮಾಡಿಸಿಕೊಳ್ಳಬಾರದು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಬಿಂಬುಳಿಯ ರಸವನ್ನು ಔಷಧವೆಂದು ಲೋಟಗಟ್ಟಲೆ ಕುಡಿಯುವ ಅಭ್ಯಾಸ ಕೆಲವೆಡೆ ಇದೆ. ಅದರಲ್ಲಿರುವ ಆಕ್ಸಲೇಟ್ ಮೂತ್ರಪಿಂಡವನ್ನು ದಿನಗಳಲ್ಲೇ ಕೆಡಿಸಬಲ್ಲದು. ಕೇರಳದಲ್ಲಿ ಇಂತಹ ಪ್ರಕರಣಗಳು ವೈದ್ಯಕೀಯವಾಗಿ ದಾಖಲಾಗಿವೆ. ಸಾರಿಗೆ ಹಾಕುವ ನಾಲ್ಕು ಕಾಯಿಯ ಮಾತು ಬೇರೆ, ಖಾಲಿ ಹೊಟ್ಟೆಯಲ್ಲಿ ಕುಡಿಯುವ ರಸದ ಮಾತು ಬೇರೆ.

ಹಂತ 7: ಮೂರು ತಿಂಗಳಲ್ಲಿ ಗುರಿ ಮುಟ್ಟದಿದ್ದರೆ

ಗೌಟ್ ಇರುವವರ ಗುರಿ ಡೆಸಿಲೀಟರಿಗೆ 6 ಮಿಲಿಗ್ರಾಂಗಿಂತ ಕಡಿಮೆ. ಚರ್ಮದಡಿ ಯೂರೇಟ್ ಹರಳುಗಳ ಬಿಳಿ ಗಂಟುಗಳಿದ್ದರೆ 5ಕ್ಕಿಂತ ಕಡಿಮೆ. ಪ್ರಯೋಗಾಲಯದ ವರದಿ 7ರವರೆಗೂ ಸಹಜವೆಂದು ಮುದ್ರಿಸಿರಬಹುದು. ಅದು ಆರೋಗ್ಯವಂತರ ಅಂಕಿ, ನಿಮ್ಮ ಗುರಿಯಲ್ಲ.

ವರ್ಷಕ್ಕೆ ಎರಡು ಅಥವಾ ಹೆಚ್ಚು ಬಾರಿ ನೋವು, ಗಂಟುಗಳು, ಎಕ್ಸ್-ರೇಯಲ್ಲಿ ಕೀಲಿನ ಸವೆತ ಇವುಗಳಲ್ಲಿ ಒಂದಿದ್ದರೂ ಮೂರು ತಿಂಗಳು ಕಾಯದೆ ಯೂರಿಕ್ ಆಮ್ಲ ಇಳಿಸುವ ಮಾತ್ರೆಯ ಬಗ್ಗೆ ವೈದ್ಯರೊಂದಿಗೆ ಮಾತನಾಡಬೇಕು. ಸಾಮಾನ್ಯವಾಗಿ ಮೊದಲ ಆಯ್ಕೆ ಅಲೋಪ್ಯೂರಿನಾಲ್. 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ ಅಂಕಿ ನೋಡುತ್ತ ಏರಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ಹರಳುಗಳು ಕರಗಿ ಕದಲುವುದರಿಂದ ನೋವು ಬರುವುದುಂಟು. ಅದನ್ನು ತಡೆಯಲೆಂದೇ ಮೂರರಿಂದ ಆರು ತಿಂಗಳು ಸಣ್ಣ ಪ್ರಮಾಣದ ಕೊಲ್ಚಿಸಿನ್ ಅಥವಾ ಬೇರೆ ಔಷಧವನ್ನು ಜೊತೆಗೆ ಕೊಡುತ್ತಾರೆ. ಮಾತ್ರೆಯಿಂದಲೇ ನೋವು ಹೆಚ್ಚಿತೆಂದು ಅತಿ ಹೆಚ್ಚು ಜನ ಚಿಕಿತ್ಸೆ ಬಿಡುವುದು ಈ ತಿರುವಿನಲ್ಲಿ. ದಯವಿಟ್ಟು ಇಲ್ಲಿ ಬಿಡಬೇಡಿ. ಆದರೆ ಅಲೋಪ್ಯೂರಿನಾಲ್ ಆರಂಭಿಸಿದ ಮೇಲೆ ಚರ್ಮದಲ್ಲಿ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಾಣಿಸಿದರೆ ಮಾತ್ರೆಯನ್ನು ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅಪರೂಪವಾದರೂ ಪ್ರಾಣಾಪಾಯದ ಪ್ರತಿಕ್ರಿಯೆ ಅದು.

ಹಂತ 8: ಮರುಪರೀಕ್ಷೆ

ಪಥ್ಯ ಮತ್ತು ಆಯುರ್ವೇದ ಮಾತ್ರ ಅನುಸರಿಸುತ್ತಿದ್ದರೆ ಆರರಿಂದ ಎಂಟು ವಾರಕ್ಕೊಮ್ಮೆ, ಮಾತ್ರೆಯ ಪ್ರಮಾಣ ಬದಲಾಗುತ್ತಿದ್ದರೆ ವೈದ್ಯರು ಹೇಳಿದಂತೆ ಕೆಲವು ವಾರಗಳಿಗೊಮ್ಮೆ ಪರೀಕ್ಷಿಸಿಕೊಳ್ಳಿ. ಗುರಿ ಮುಟ್ಟಿದ ಮೇಲೆ ಆರು ತಿಂಗಳಿಗೊಮ್ಮೆ ಸಾಕು. ಪ್ರತಿಬಾರಿಯೂ ಕ್ರಿಯಾಟಿನಿನ್ ಜೊತೆಗಿರಲಿ. ಕಷಾಯ, ಗುಗ್ಗುಲು ತೆಗೆದುಕೊಳ್ಳುವವರು ಯಕೃತ್ತಿನ ಪರೀಕ್ಷೆಯನ್ನೂ ಸೇರಿಸಿಕೊಳ್ಳಲಿ. ಒಂದೇ ಬಾರಿಗೆ ಎರಡು ಬದಲಾವಣೆ ಮಾಡಿದರೆ ಅಂಕಿ ಇಳಿದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ, ಆದ್ದರಿಂದ ಹೊಸ ಔಷಧವನ್ನು ಒಂದು ಪರೀಕ್ಷೆಯಾದ ಮೇಲೆಯೇ ಸೇರಿಸಿ.

ಮೂತ್ರದ ಪ್ರಮಾಣ ಇಳಿದರೆ, ಸೊಂಟದ ಪಕ್ಕದಲ್ಲಿ ನೋವಿನೊಂದಿಗೆ ಮೂತ್ರದಲ್ಲಿ ರಕ್ತ ಕಂಡರೆ, ಚಿಕಿತ್ಸೆ ಆರಂಭಿಸಿ ಎರಡು ದಿನವಾದರೂ ಊತ ತಗ್ಗದಿದ್ದರೆ, ಅಥವಾ 30 ವರ್ಷದೊಳಗೇ ಗೌಟ್ ಕಾಣಿಸಿಕೊಂಡರೆ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯದೆ ತಜ್ಞರನ್ನು ಕಾಣಿ. ಹಳೆಯ ಹರಳುಗಳು ಕರಗಲು ಅಂಕಿ 6ರ ಕೆಳಗೆ ತಿಂಗಳುಗಟ್ಟಲೆ, ಗಂಟುಗಳಿದ್ದರೆ ವರ್ಷಗಟ್ಟಲೆ ನಿಲ್ಲಬೇಕು; ಅಲ್ಲಿಯವರೆಗೆ ನೋವಿಲ್ಲದ ದಿನಗಳಲ್ಲಿಯೂ ಪಥ್ಯವನ್ನೂ ಮಾತ್ರೆಯನ್ನೂ ಮುಂದುವರಿಸಬೇಕಾಗುತ್ತದೆ.